ಮಾತಾಡದ ಮನುಷ್ಯ: ಆರ್.ಕೆ. ಲಕ್ಷ್ಮಣ್ ಕಾರ್ಟೂನ್ ಓದೋದು ಹೇಗೆ?

ಒಂದು ಕಾರ್ಟೂನ್ ವಿವರಿಸ್ತೀನಿ, ಮನಸ್ಸಲ್ಲೇ ಬಿಡಿಸಿಕೊಳ್ಳಿ. ಚಂದ್ರನ ಮೇಲೆ ಕಳಿಸೋಕೆ ತಕ್ಕ ಮನುಷ್ಯ ಕೊನೆಗೂ ಸಿಕ್ಕ ಅಂತ ವಿಜ್ಞಾನಿಗಳಿಗೆ ಖುಷಿಯೋ ಖುಷಿ. ಯಾಕಂದ್ರೆ ಈ ಮನುಷ್ಯ ನೀರು, ಊಟ, ಬೆಳಕು, ಗಾಳಿ, ತಲೆ ಮೇಲೊಂದು ಸೂರು, ಯಾವುದೂ ಇಲ್ಲದೆ ಬದುಕಬಲ್ಲ! ಆ ಮನುಷ್ಯ ಯಾರು ಅಂದ್ರೆ ಪಂಚೆ, ಚೌಕಳಿ ಕೋಟು, ದುಂಡು ಕನ್ನಡಕ, ಪೊದೆ ಮೀಸೆ, ಬೋಳು ತಲೆಯ ಎರಡೂ ಪಕ್ಕ ನಾಲ್ಕು ಬಿಳಿ ಕೂದಲು ಇರುವ ನಮ್ಮ ಶ್ರೀಸಾಮಾನ್ಯ. ಅವನು ಏನೂ ಹೇಳಲ್ಲ. ಸುಮ್ಮನೆ ಇದ್ದಾನೆ.

ಇದನ್ನು ಬರೆದವರು ಮೈಸೂರಿನ ಆರ್.ಕೆ. ಲಕ್ಷ್ಮಣ್. ಅವರ ಹೆಸರು ನಮಗೆಲ್ಲ ಗೊತ್ತು, ಜನರಲ್ ನಾಲೆಡ್ಜ್ ಪ್ರಶ್ನೆಯ ಮಟ್ಟಿಗೆ. 'ಕಾಮನ್ ಮ್ಯಾನ್ ಸೃಷ್ಟಿಸಿದವರು ಯಾರು' ಅಂದ್ರೆ ಟಿಕ್ ಹಾಕ್ತೀವಿ, ಮುಂದಿನ ಪ್ರಶ್ನೆಗೆ ಹೋಗ್ತೀವಿ. ಆದರೆ ಆ ಮನುಷ್ಯ ಯಾಕೆ ಬಾಯಿ ಬಿಡಲ್ಲ? ಐದು ದಶಕಕ್ಕೂ ಹೆಚ್ಚು ಕಾಲ ಒಂದು ಪಾತ್ರವನ್ನು ಮೂಕನಾಗಿಟ್ಟು ಜನರನ್ನು ನಗಿಸೋದು ಹೇಗೆ ಸಾಧ್ಯ ಆಯ್ತು? ಈ ಲೇಖನದಲ್ಲಿ ಅದನ್ನೇ ಸ್ವಲ್ಪ ಬಿಚ್ಚಿ ನೋಡೋಣ.

ಮೊದಲು ಊರು, ಮನೆ. ಲಕ್ಷ್ಮಣ್ ಹುಟ್ಟಿದ್ದು 1921ರ ಅಕ್ಟೋಬರ್‌ನಲ್ಲಿ, ಮೈಸೂರಲ್ಲಿ. ತಂದೆ ಹೆಡ್‌ಮಾಸ್ಟರ್, ಶಿಸ್ತಿನ ಮನುಷ್ಯ. ಆರು ಜನ ಗಂಡುಮಕ್ಕಳಲ್ಲಿ ಇವರೇ ಕೊನೆಯವರು. ಅಣ್ಣಂದಿರಲ್ಲಿ ಒಬ್ಬರು ಆರ್.ಕೆ. ನಾರಾಯಣ್, ಮಾಲ್ಗುಡಿ ಕಟ್ಟಿದವರು. ಮನೆಗೆ ಪಂಚ್, ಸ್ಟ್ರ್ಯಾಂಡ್ ಥರದ ಇಂಗ್ಲೆಂಡಿನ ಪತ್ರಿಕೆಗಳು ಬರ್ತಿದ್ದವು. ಓದೋಕೆ ಬರೋ ಮೊದಲೇ ಲಕ್ಷ್ಮಣ್ ಅವುಗಳ ಚಿತ್ರಗಳಲ್ಲಿ ಮುಳುಗಿರ್ತಿದ್ದರು. ಆಮೇಲೆ ನೆಲ, ಗೋಡೆ, ಬಾಗಿಲು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಬರೆಯೋದು. ಶಾಲೆಯಲ್ಲಿ ಒಮ್ಮೆ ಇವರು ಬರೆದ ಅರಳಿ ಎಲೆಯನ್ನು ನೋಡಿ ಮೇಷ್ಟ್ರು ಹೊಗಳಿದರು. ತಾನು ಚಿತ್ರಕಾರ ಆಗಬಹುದು ಅಂತ ಅನ್ನಿಸಿದ್ದು ಅಲ್ಲಿಂದ ಅಂತ ಲಕ್ಷ್ಮಣ್ ಹೇಳಿಕೊಂಡಿದ್ದಾರೆ. ಇನ್ನೊಂದು ಹುಚ್ಚು ಕಾಗೆ. ಮೈಸೂರಿನ ಹಸಿರು ಮರಗಳ ನಡುವೆ ಕಪ್ಪಗೆ ಎದ್ದು ಕಾಣೋ ಆ ಹಕ್ಕಿಯನ್ನು ಅವರು ಸಾಯೋವರೆಗೂ ಬಿಡಲಿಲ್ಲ, ಬರೀ ಕಾಗೆ ಚಿತ್ರಗಳ ಒಂದು ರಾಶಿಯೇ ಇದೆ.

ಗುರು ಯಾರು ಅಂದ್ರೆ ಡೇವಿಡ್ ಲೋ. ನ್ಯೂಜಿಲೆಂಡಿನಲ್ಲಿ ಹುಟ್ಟಿ ಲಂಡನ್ನಿನ ಪತ್ರಿಕೆಗಳಲ್ಲಿ ಹಿಟ್ಲರ್, ಮುಸೋಲಿನಿಯನ್ನು ಗೋಳು ಹುಯ್ದುಕೊಂಡ ಕಾರ್ಟೂನಿಸ್ಟ್. ಅವರ ಚಿತ್ರಗಳು 'ದಿ ಹಿಂದೂ'ನಲ್ಲಿ ಮರುಮುದ್ರಣ ಆಗ್ತಿದ್ದವು. ಕೆಳಗಿನ ಸಹಿಯನ್ನು ಹುಡುಗ ಲಕ್ಷ್ಮಣ್ 'ಲೋ' ಅಂತ ಓದದೆ 'ಕೌ' ಅಂತ ಓದಿಕೊಂಡಿದ್ದರಂತೆ. ಬಹಳ ದಿನ ಅವರ ಪಾಲಿಗೆ ಜಗತ್ತಿನ ಶ್ರೇಷ್ಠ ವ್ಯಂಗ್ಯಚಿತ್ರಕಾರನ ಹೆಸರು ಹಸು!

ಆಮೇಲೆ ಎಲ್ಲರೂ ಹೇಳೋ ಕಥೆ: ಮುಂಬೈನ ಜೆ.ಜೆ. ಕಲಾ ಶಾಲೆಗೆ ಅರ್ಜಿ ಹಾಕಿದ್ದು, ನಮ್ಮಲ್ಲಿ ಸೇರುವಷ್ಟು ಪ್ರತಿಭೆ ಇಲ್ಲ ಅಂತ ಅವರು ತಿರಸ್ಕರಿಸಿದ್ದು. ಮೋಟಿವೇಷನಲ್ ಸ್ಪೀಕರ್‌ಗಳಿಗೆ ಈ ಕಥೆ ಅಂದ್ರೆ ಬಹಳ ಇಷ್ಟ. ನನಗೆ ಅದಕ್ಕಿಂತ ಇಷ್ಟವಾಗೋದು ಮುಂದೆ ನಡೆದದ್ದು. ಸೀಟ್ ಸಿಗಲಿಲ್ಲ ಅಂತ ಅವರೇನೂ ಶಪಥ ಮಾಡಲಿಲ್ಲ. ಮೈಸೂರು ಮಹಾರಾಜ ಕಾಲೇಜಿಗೆ ಬಿ.ಎ. ಸೇರಿದರು, ಊರಲ್ಲೇ ತಿರುಗಾಡಿ ಸಿಕ್ಕಿದ್ದನ್ನೆಲ್ಲ ಸ್ಕೆಚ್ ಮಾಡಿದರು, ಕಾಲೇಜಿನಲ್ಲಿ ಇರುವಾಗಲೇ ಪತ್ರಿಕೆಗಳಿಗೆ ಬರೆಯೋಕೆ ಶುರು ಮಾಡಿದರು. ಅಣ್ಣನ ಕಥೆಗಳು 'ದಿ ಹಿಂದೂ'ನಲ್ಲಿ ಬಂದಾಗ ತಮ್ಮನದೇ ಚಿತ್ರ.

ಇಲ್ಲಿ ನಮ್ಮ ಕ್ಲಬ್‌ಗೆ ಮುಖ್ಯವಾದ ಒಂದು ವಿಷಯ ಇದೆ. ಲಕ್ಷ್ಮಣ್ ಆರಂಭದ ದಿನಗಳಲ್ಲಿ ಚಿತ್ರ ಬರೆದ ಪತ್ರಿಕೆಗಳಲ್ಲಿ ಒಂದು ಕನ್ನಡದ್ದು, 'ಕೊರವಂಜಿ'. ರಾಶಿ ಅಂತ ಪ್ರಸಿದ್ಧರಾದ ಡಾ. ಎಂ. ಶಿವರಾಂ 1942ರಲ್ಲಿ ಶುರು ಮಾಡಿದ ಹಾಸ್ಯ ಮಾಸಿಕ. ರಾಶಿ ವೃತ್ತಿಯಲ್ಲಿ ಡಾಕ್ಟರ್. ನಾ. ಕಸ್ತೂರಿ, ಟಿ. ಸುನಂದಮ್ಮ ಅವರಂಥವರು ಅದರಲ್ಲಿ ಬರೆದರು. ನಾವು ಲಕ್ಷ್ಮಣ್ ಅವರನ್ನು ಇಂಗ್ಲಿಷ್ ಪತ್ರಿಕೆಯವರು, ಮುಂಬೈನವರು ಅಂತ ನೆನಪಿಡ್ತೀವಿ, ಅದು ನಿಜವೂ ಹೌದು. ಆದರೆ ಕೈ ಪಳಗಿದ ಜಾಗಗಳಲ್ಲಿ ಒಂದು ಕನ್ನಡದ ಹಾಸ್ಯ ಪತ್ರಿಕೆ.

ಮುಂಬೈನಲ್ಲಿ ಮೊದಲ ಪೂರ್ಣಾವಧಿ ಕೆಲಸ 'ಫ್ರೀ ಪ್ರೆಸ್ ಜರ್ನಲ್'ನಲ್ಲಿ. ಅಲ್ಲಿ ಜೊತೆಗಿದ್ದ ಇನ್ನೊಬ್ಬ ಕಾರ್ಟೂನಿಸ್ಟ್ ಬಾಳ್ ಠಾಕ್ರೆ. ಹೌದು, ಮುಂದೆ 1966ರಲ್ಲಿ ಶಿವಸೇನೆ ಕಟ್ಟಿದ ಅದೇ ಠಾಕ್ರೆ. ಒಂದೇ ಕೋಣೆಯಿಂದ ಹೊರಟ ಇಬ್ಬರಲ್ಲಿ ಒಬ್ಬರು ರಾಜಕಾರಣಕ್ಕೆ ಹೋದರು, ಇನ್ನೊಬ್ಬರು ರಾಜಕಾರಣಿಗಳ ಮೂಗು ಅಳೆಯುತ್ತಾ ಕೂತರು. ಲಕ್ಷ್ಮಣ್ ಅಲ್ಲಿ ಬಹಳ ದಿನ ಉಳಿಯಲಿಲ್ಲ. ಕಮ್ಯುನಿಸ್ಟರನ್ನು ಗೇಲಿ ಮಾಡಬಾರದು ಅಂತ ಮಾಲೀಕರು ಹೇಳಿದ್ದೇ ತಡ, ಎದ್ದು ಹೊರಗೆ ಬಂದು, ಕುದುರೆ ಗಾಡಿ ಹತ್ತಿ 'ಟೈಮ್ಸ್ ಆಫ್ ಇಂಡಿಯಾ' ಆಫೀಸಿಗೆ ಹೋದರು ಅಂತ ಅವರೇ ಹೇಳಿಕೊಂಡಿದ್ದಾರೆ. ಅಲ್ಲಿ ಸಿಕ್ಕ ಕುರ್ಚಿಯಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಕೂತರು. ಆಫರ್ ಲೆಟರ್ ಕೈಗೆ ಬರೋವರೆಗೆ ರಾಜೀನಾಮೆ ಕೊಡಬೇಡಿ ಅನ್ನೋ ಪ್ಲೇಸ್‌ಮೆಂಟ್ ಸೆಲ್‌ನವರಿಗೆ ಈ ಕಥೆ ಹೇಳಬೇಡಿ.

ಈಗ ಅಸಲು ಪಾಠ. 1951ರಲ್ಲಿ ಟೈಮ್ಸ್ ಪತ್ರಿಕೆಯಲ್ಲಿ 'ಯು ಸೆಡ್ ಇಟ್' ಅಂತ ದಿನಾ ಒಂದು ಪಾಕೆಟ್ ಕಾರ್ಟೂನ್ ಶುರುವಾಯ್ತು. ಪಾಕೆಟ್ ಕಾರ್ಟೂನ್ ಅಂದ್ರೆ ಒಂದೇ ಕಾಲಂ ಅಗಲದ ಪುಟ್ಟ ಚೌಕ. ಈ ಮಾದರಿಯನ್ನು ಲಂಡನ್ನಿನ 'ಡೈಲಿ ಎಕ್ಸ್‌ಪ್ರೆಸ್'ನಲ್ಲಿ 1939ರಲ್ಲಿ ಆಸ್ಬರ್ಟ್ ಲ್ಯಾಂಕಾಸ್ಟರ್ ಶುರು ಮಾಡಿದ್ದರು. ದೊಡ್ಡ ರಾಜಕೀಯ ಕಾರ್ಟೂನ್‌ಗೆ ಜಾಗ ಇರುತ್ತೆ, ನಾಲ್ಕು ನಾಯಕರನ್ನು ನಿಲ್ಲಿಸಿ, ಪ್ರತಿಯೊಬ್ಬರ ಮೇಲೆ ಹೆಸರು ಬರೆದು ಕಥೆ ಹೇಳಬಹುದು. ಪಾಕೆಟ್ ಕಾರ್ಟೂನ್‌ನಲ್ಲಿ ಅದೆಲ್ಲ ಆಗಲ್ಲ. ಒಂದು ದೃಶ್ಯ, ಒಂದು ಸಾಲು ಮಾತು, ಮುಗೀತು.

ಲಕ್ಷ್ಮಣ್‌ಗೆ ಸಮಸ್ಯೆ ಬಂದಿದ್ದು ಇಲ್ಲೇ. ಸಾಮಾನ್ಯ ಭಾರತೀಯನನ್ನು ತೋರಿಸಬೇಕು. ಆದರೆ ಯಾರು ಸಾಮಾನ್ಯ ಭಾರತೀಯ? ಬಂಗಾಳಿಯಾ, ತಮಿಳನಾ, ಪಂಜಾಬಿಯಾ, ಗುಜರಾತಿಯಾ? ಮೊದಮೊದಲು ಅವರು ಎಲ್ಲರನ್ನೂ ಹಿನ್ನೆಲೆಯಲ್ಲಿ ತುಂಬುತ್ತಿದ್ದರು. ಒಬ್ಬನಿಗೆ ಪೇಟ, ಇನ್ನೊಬ್ಬನಿಗೆ ಟೋಪಿ, ಮತ್ತೊಬ್ಬನಿಗೆ ಜುಬ್ಬ. ಆದರೆ ದಿನಾ ಸಂಜೆಯೊಳಗೆ ಚಿತ್ರ ಕೊಡಬೇಕು. ಡೆಡ್‌ಲೈನ್ ಹತ್ತಿರ ಬಂದ ಹಾಗೆ ಗುಂಪಿನಿಂದ ಒಬ್ಬೊಬ್ಬರನ್ನೇ ತೆಗೆಯುತ್ತಾ ಹೋದರು. ಹತ್ತು ಜನ ಐದಾದರು, ಐದು ಜನ ಮೂವರಾದರು. ಕೊನೆಗೆ ಉಳಿದವನು ಒಬ್ಬನೇ, ಪಂಚೆ ಮತ್ತು ಚೌಕಳಿ ಕೋಟಿನವನು. ಶ್ರೀಸಾಮಾನ್ಯನನ್ನು ಯಾರೂ ಕೂತು 'ಡಿಸೈನ್' ಮಾಡಲಿಲ್ಲ. ತೆಗೆದು ತೆಗೆದು, ಇನ್ನು ತೆಗೆಯೋಕೆ ಆಗಲ್ಲ ಅಂದಾಗ ಉಳಿದವನು ಅವನು. ಕನ್ನಡದಲ್ಲಿ ನಾವು ಅವನ ಹೆಸರಿನ ಮುಂದೆ 'ಶ್ರೀ' ಸೇರಿಸಿದ್ದೀವಿ ಅನ್ನೋದು ನನಗೆ ಯಾವಾಗಲೂ ಮಜಾ ಅನ್ನಿಸುತ್ತೆ. ಇಂಗ್ಲಿಷ್‌ನಲ್ಲಿ ಬರೀ ಕಾಮನ್ ಮ್ಯಾನ್, ನಮ್ಮಲ್ಲಿ ಮರ್ಯಾದೆ ಸಮೇತ.

ಗೆರೆಗಳ ಬಗ್ಗೆಯೂ ಒಂದು ಮಾತು ಹೇಳಬೇಕು, ಮೊದಲ ವರ್ಷ ಡ್ರಾಯಿಂಗ್‌ನಲ್ಲಿ ದಪ್ಪ ಗೆರೆ, ತೆಳು ಗೆರೆ ಅಂತ ಒದ್ದಾಡಿದ ನಮಗೆ ಇದು ಬೇಗ ಅರ್ಥ ಆಗುತ್ತೆ. ಆಗಿನ ದಿನಪತ್ರಿಕೆಗಳಲ್ಲಿ ಇಂಥ ಚಿತ್ರವನ್ನು ಫೋಟೋ ತೆಗೆದು, ಸತುವಿನ ಹಾಳೆಯ ಮೇಲೆ ಆಸಿಡ್‌ನಿಂದ ಕೊರೆದು ಬ್ಲಾಕ್ ಮಾಡ್ತಿದ್ದರು. ಲೈನ್ ಬ್ಲಾಕ್ ಅಂತ ಅದರ ಹೆಸರು. ಅದರಲ್ಲಿ ಬೂದು ಬಣ್ಣ ಅನ್ನೋದೇ ಇಲ್ಲ. ಒಂದೋ ಮಸಿ ಇರುತ್ತೆ, ಇಲ್ಲ ಇರಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದು ಬಿಟ್. ಅದರ ಮೇಲೆ ದೊಡ್ಡದಾಗಿ ಬರೆದ ಚಿತ್ರವನ್ನು ಚಿಕ್ಕದು ಮಾಡಿ, ಒರಟು ನ್ಯೂಸ್‌ಪ್ರಿಂಟ್ ಮೇಲೆ ಒತ್ತುತ್ತಾರೆ. ಸೂಕ್ಷ್ಮ ಗೆರೆಗಳು ಮಾಯ ಆಗುತ್ತೆ, ಹತ್ತಿರ ಹತ್ತಿರ ಇರೋ ಗೆರೆಗಳು ಮಸಿ ಹರಡಿ ಅಂಟಿಕೊಳ್ಳುತ್ತೆ. ಲಕ್ಷ್ಮಣ್ ಕೆಲಸ ಮಾಡ್ತಿದ್ದದ್ದು ಬ್ರಷ್ ಮತ್ತು ಇಂಡಿಯನ್ ಇಂಕ್‌ನಲ್ಲಿ. ಬ್ರಷ್ ಒತ್ತಿದರೆ ದಪ್ಪ, ಎತ್ತಿದರೆ ತೆಳು. ಮಂತ್ರಿಯ ಹೊಟ್ಟೆಯ ಕೆಳಗೆ ಗೆರೆ ಉಬ್ಬುತ್ತೆ, ಬಡವನ ಮೊಣಕಾಲಲ್ಲಿ ಸಣ್ಣಗಾಗುತ್ತೆ. ಕೋಟಿನ ಚೌಕಳಿಯನ್ನೇ ನೋಡಿ. ಗುಂಪಿನ ನಡುವೆ ಎಷ್ಟು ಚಿಕ್ಕದಾಗಿ ಬರೆದರೂ ಆ ಚೌಕಳಿಯಿಂದ ಅವನನ್ನು ಗುರುತು ಹಿಡಿಯಬಹುದು. ಓದುಗರು ದಿನಾ ಬೆಳಗ್ಗೆ ಅವನನ್ನು ಹುಡುಕಬೇಕಾಗಿಲ್ಲ, ಅವನೇ ಕಣ್ಣಿಗೆ ಸಿಗ್ತಾನೆ.

ಸರಿ, ಅವನು ಯಾಕೆ ಮಾತಾಡಲ್ಲ?

ನಾನು ಇದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೀನಿ. ಲಕ್ಷ್ಮಣ್ ಕಾರ್ಟೂನ್ ನೋಡುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಅಡಿಬರಹದ ಮಾತು ಯಾರದ್ದು? ಹೆಚ್ಚಿನ ಸಲ ಅದು ಮಂತ್ರಿಯದ್ದು, ಅಧಿಕಾರಿಯದ್ದು, ಕಂಟ್ರಾಕ್ಟರ್‌ದು, ಇಲ್ಲ ಅವರ ಪಕ್ಕ ನಿಂತ ಚೇಲಾನದ್ದು. ಅವರು ತಮ್ಮನ್ನು ತಾವೇ ಸಮರ್ಥಿಸಿಕೊಳ್ತಾ ಇರ್ತಾರೆ, ಬಹಳ ಗಂಭೀರವಾಗಿ. ಹಾಗೆ ಸಮರ್ಥಿಸಿಕೊಳ್ತಾನೇ ಸಿಕ್ಕಿಬೀಳ್ತಾರೆ. ಕಾರ್ಟೂನಿಸ್ಟ್ ಬೈಯೋದೇ ಇಲ್ಲ. ಶ್ರೀಸಾಮಾನ್ಯ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ತಾನೆ, ಹುಬ್ಬು ಸ್ವಲ್ಪ ಮೇಲೆ. ಅವನು ಬಾಯಿ ಬಿಟ್ಟು 'ಎಂಥ ಅನ್ಯಾಯ' ಅಂದಿದ್ದರೆ ನಮಗೆ ಹೇಳೋಕೆ ಏನೂ ಉಳೀತಿರಲಿಲ್ಲ. ಅವನು ಸುಮ್ಮನಿರೋದ್ರಿಂದ ಆ ಮಾತು ನಮ್ಮ ತಲೆಯಲ್ಲಿ ಹುಟ್ಟುತ್ತೆ. ಅಂಕಣದ ಹೆಸರನ್ನೇ ಇನ್ನೊಮ್ಮೆ ನೋಡಿ: ಯು ಸೆಡ್ ಇಟ್. ಹೇಳಿದ್ದು ನೀವು!

ಒಂದು ಪ್ರಯೋಗ ಮಾಡೋಣ. ವಿಷಯ: ಯಾವುದೋ ಒಂದು ಕಾಲೇಜಿನಲ್ಲಿ ಲಿಫ್ಟ್ ಕೆಟ್ಟಿದೆ. ನಮ್ಮ ಮೀಮ್ ಗ್ರೂಪ್‌ನಲ್ಲಾದ್ರೆ ಏನು ಬರುತ್ತೆ? ಮೆಟ್ಟಿಲ ಮೇಲೆ ಸತ್ತು ಬಿದ್ದ ಯಾವುದೋ ಹೀರೋ ಫೋಟೋ, 'ಐದನೇ ಮಹಡಿಯ ಲ್ಯಾಬ್‌ಗೆ ಹೋಗುವ ನಾವು' ಅಂತ ಒಂದು ಸಾಲು. ನಗು ಬರುತ್ತೆ, ಆದರೆ ಅಲ್ಲಿ ಮಾತಾಡಿದ್ದೂ ನಾವು, ನಕ್ಕಿದ್ದೂ ನಾವು. ಲಿಫ್ಟ್ ಸರಿ ಮಾಡಬೇಕಾದವನು ಫ್ರೇಮ್‌ನಲ್ಲಿ ಇಲ್ಲವೇ ಇಲ್ಲ. ಈಗ ಲಕ್ಷ್ಮಣ್ ವಿಧಾನದಲ್ಲಿ ಯೋಚಿಸಿ. ಮೆಟ್ಟಿಲ ಮೇಲೆ ಬೆವರು ಸುರಿಸ್ತಾ ಹತ್ತುತ್ತಿರೋ ಜನ. ಅವರ ಮಧ್ಯೆ ಫೈಲ್ ಹಿಡಿದ ಒಬ್ಬ ಅಧಿಕಾರಿ ಏದುಸಿರು ಬಿಡ್ತಾ ಹೆಮ್ಮೆಯಿಂದ ಹೇಳ್ತಾನೆ: 'ಲಿಫ್ಟ್ ರಿಪೇರಿಗೆ ಸಮಿತಿ ಮಾಡಿದ್ದೀವಿ ಸಾರ್, ಇವತ್ತೇ ಮೀಟಿಂಗ್, ಐದನೇ ಮಹಡಿಯಲ್ಲಿ!' ಹಿಂದೆ ಬ್ಯಾಗ್ ಹಾಕಿಕೊಂಡ ಒಬ್ಬ ವಿದ್ಯಾರ್ಥಿ, ಬಾಯಿ ಮುಚ್ಚಿಕೊಂಡು ನೋಡ್ತಿದ್ದಾನೆ. ಜೋಕ್ ಅಷ್ಟೇನೂ ದೊಡ್ಡದಲ್ಲ, ಒಪ್ತೀನಿ. ಆದರೆ ದಿಕ್ಕು ಬದಲಾಯ್ತು ನೋಡಿ. ಮೊದಲನೆಯದರಲ್ಲಿ ನಮ್ಮ ಕಷ್ಟ ಕಾಣಿಸ್ತು, ಎರಡನೆಯದರಲ್ಲಿ ಕಷ್ಟಕ್ಕೆ ಕಾರಣ ಕಾಣಿಸ್ತು.

ನಾಯಕರ ಮುಖಗಳ ವಿಷಯದಲ್ಲೂ ಅವರದು ಇದೇ ರೀತಿ. ಮೂಗು ದೊಡ್ಡದು ಮಾಡೋದು ಯಾರಿಗಾದರೂ ಬರುತ್ತೆ. ಲಕ್ಷ್ಮಣ್ ಒಬ್ಬ ವ್ಯಕ್ತಿ ತನ್ನ ಬಗ್ಗೆ ಏನು ಅಂದುಕೊಂಡಿದ್ದಾನೆ ಅನ್ನೋದನ್ನು ಹುಡುಕ್ತಿದ್ದರು. ನೆಹರೂ ಅವರನ್ನು ಎಲ್ಲರೂ ಟೋಪಿಯಲ್ಲೇ ನೋಡಿದ್ದಾಗ ಇವರು ಟೋಪಿ ತೆಗೆದು ಬೋಳು ತಲೆ ತೋರಿಸಿದರು. 1990ರ ರಥಯಾತ್ರೆಯ ನಂತರ ಅಡ್ವಾಣಿ ಅವರ ತಲೆಗೆ ಒಂದು ಕಿರೀಟ ಬಂತು, ಆಮೇಲೆ ಅದು ಇಳಿಯಲೇ ಇಲ್ಲ. ಒಬ್ಬರಿಗೆ ಟೋಪಿ ತೆಗೆದರು, ಇನ್ನೊಬ್ಬರಿಗೆ ಕಿರೀಟ ಇಟ್ಟರು, ಎರಡರಲ್ಲೂ ಮುಖಕ್ಕಿಂತ ಹೆಚ್ಚು ವಿಷಯ ಹೇಳಿದ್ದು ತಲೆಯ ಮೇಲಿನ ವಸ್ತು. 1962ರ ಚೀನಾ ಯುದ್ಧದ ನಂತರ ತಮ್ಮನ್ನೇ ಗೇಲಿ ಮಾಡಿದ ಕಾರ್ಟೂನ್ ನೋಡಿ ನೆಹರೂ ಫೋನ್ ಮಾಡಿ, ಸಹಿ ಹಾಕಿದ ಒಂದು ಪ್ರತಿ ಕೊಡ್ತೀರಾ ಅಂತ ಕೇಳಿದರು ಅಂತ ಲಕ್ಷ್ಮಣ್ ಹಲವು ಕಡೆ ನೆನಪಿಸಿಕೊಂಡಿದ್ದಾರೆ.

ಆದರೆ ಅಧಿಕಾರ ಯಾವಾಗಲೂ ಹೀಗೆ ನಗುತ್ತಾ ಇರಲ್ಲ. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂತು, ಪತ್ರಿಕೆಗಳ ಮೇಲೆ ಸೆನ್ಸಾರ್ ಬಂತು. ಭಾರತದ ವ್ಯಂಗ್ಯಚಿತ್ರಕಾರರ ಪಾಠಶಾಲೆ ಅನ್ನಿಸಿಕೊಂಡಿದ್ದ 'ಶಂಕರ್ಸ್ ವೀಕ್ಲಿ' ಆ ಆಗಸ್ಟ್‌ನಲ್ಲೇ ನಿಂತುಹೋಯ್ತು. ಲಕ್ಷ್ಮಣ್ ಇದ್ದ ಪತ್ರಿಕೆಯೂ ಸೆನ್ಸಾರ್‌ನಿಂದ ಹೊರತಾಗಿರಲಿಲ್ಲ. ಇಲ್ಲಿ ನನಗೆ ಒಂದು ಪ್ರಶ್ನೆ ಕಾಡುತ್ತೆ. 1951ರಿಂದ ಶ್ರೀಸಾಮಾನ್ಯ ಸುಮ್ಮನಿದ್ದದ್ದು ಅವನ ಆಯ್ಕೆ, ಅಂದ್ರೆ ಲಕ್ಷ್ಮಣ್ ಅವರ ಆಯ್ಕೆ. 1975ರಲ್ಲಿ ಇಡೀ ದೇಶ ಸುಮ್ಮನಾದದ್ದು ಆಯ್ಕೆ ಅಲ್ಲ. ಚಿತ್ರದಲ್ಲಿ ಎರಡೂ ಮೌನ ಒಂದೇ ಥರ ಕಾಣುತ್ತೆ. ಮಾತಾಡಬಲ್ಲವನು ಸುಮ್ಮನೆ ನಿಂತು ನೋಡಿದರೆ ಅದು ಸಾಕ್ಷಿ. ಮಾತಾಡೋಕೇ ಬಿಡದಿದ್ದರೆ? ಆಗ ಅವನ ಪಕ್ಕದಲ್ಲಿ ಪೆದ್ದುಪೆದ್ದಾಗಿ ಮಾತಾಡಿ ಸಿಕ್ಕಿಬೀಳೋ ಮಂತ್ರಿಯೂ ಚಿತ್ರದಲ್ಲಿ ಬೇಕಲ್ಲ, ಸೆನ್ಸಾರ್ ಅಧಿಕಾರಿ ಮೊದಲು ತೆಗೆಯೋದೇ ಆ ಮಂತ್ರಿಯನ್ನು. ಲಕ್ಷ್ಮಣ್ ವಿಧಾನಕ್ಕೆ ಮೌನಿಯಷ್ಟೇ ಮುಖ್ಯವಾಗಿ ಬೇಕಾದದ್ದು, ದೊಡ್ಡವರನ್ನು ಬರೆಯೋ ಸ್ವಾತಂತ್ರ್ಯ.

ಇನ್ನೊಂದು ತಕರಾರೂ ಇದೆ. ಪಂಚೆ, ಕೋಟು, ಕನ್ನಡಕದ ಈ ವಯಸ್ಸಾದ ಗಂಡಸು ನಿಜವಾಗಿಯೂ 'ಸಾಮಾನ್ಯ'ನಾ? ಅವನು ಪೇಪರ್ ಓದೋ ನಗರದ ಮಧ್ಯಮ ವರ್ಗದವನ ಥರ ಕಾಣ್ತಾನೆ. ಕೂಲಿ ಮಾಡೋ ಹೆಂಗಸು, ಜಮೀನಿಲ್ಲದ ರೈತ ಇವರೆಲ್ಲ ಲಕ್ಷ್ಮಣ್ ಚೌಕದೊಳಗೆ ಬರ್ತಾರೆ, ಆದರೆ ನೋಡುವ ಕಣ್ಣು ಅವರದಲ್ಲ. ಈ ತಕರಾರಲ್ಲಿ ಸತ್ಯ ಇದೆ ಅಂತಲೇ ನನ್ನ ಅಭಿಪ್ರಾಯ. ಎಲ್ಲರನ್ನೂ ತೆಗೆದು ಒಬ್ಬನನ್ನು ಉಳಿಸಿಕೊಂಡಾಗ ತೆಗೆದವರ ಲೆಕ್ಕ ಯಾರಾದರೂ ಕೇಳಲೇಬೇಕು. ಹಾಗೆ ನೋಡಿದರೆ ಶ್ರೀಸಾಮಾನ್ಯನ ಹೆಂಡತಿ ಅವನಷ್ಟು ಸುಮ್ಮನಿರೋಳಲ್ಲ, ಅವಳು ಬಾಯಿ ಬಿಡ್ತಾಳೆ. ಅವಳನ್ನೇ ಮಧ್ಯದಲ್ಲಿ ನಿಲ್ಲಿಸಿದ್ದರೆ ಆ ಅಂಕಣ ಹೇಗಿರ್ತಿತ್ತೋ.

ಉಳಿದದ್ದು ಬೇಗ ಹೇಳಿಬಿಡ್ತೀನಿ. ಏಷ್ಯನ್ ಪೇಂಟ್ಸ್‌ನ ಬಣ್ಣದ ಡಬ್ಬಿ ಹಿಡಿದ ತುಂಟ ಹುಡುಗ ಗಟ್ಟು, 1954ರಲ್ಲಿ ಇವರ ಕೈಯಿಂದ ಬಂದವನು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಶುರುವಿನಲ್ಲಿ ಬರುವ ರೇಖಾಚಿತ್ರಗಳೂ ಇವರದೇ, ಆ ಟ್ಯೂನ್ ಕೇಳಿದ ತಕ್ಷಣ ನೆನಪಾಗುವ ಚಿತ್ರಗಳು. ಗುರುದತ್ ಅವರ 'ಮಿಸ್ಟರ್ ಅಂಡ್ ಮಿಸೆಸ್ 55' ಸಿನಿಮಾದಲ್ಲಿ ನಾಯಕ ಕಾರ್ಟೂನಿಸ್ಟ್, ಅಲ್ಲಿ ತೆರೆಯ ಮೇಲೆ ಚಿತ್ರ ಬರೆಯೋ ಕೈ ಲಕ್ಷ್ಮಣ್ ಅವರದು. 1984ರಲ್ಲಿ ಮ್ಯಾಗ್ಸೆಸೆ, 2005ರಲ್ಲಿ ಪದ್ಮವಿಭೂಷಣ. 1988ರಲ್ಲಿ ಟೈಮ್ಸ್‌ನ 150 ವರ್ಷಕ್ಕೆ ತಂದ ಅಂಚೆಚೀಟಿಯಲ್ಲಿ ಶ್ರೀಸಾಮಾನ್ಯ ಬಂದ. ಪುಣೆಯ ಸಿಂಬಯೋಸಿಸ್ ಆವರಣದಲ್ಲಿ ಕಂಚಿನ ಪ್ರತಿಮೆಯಾದ. ನಮ್ಮ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಕಡಿಮೆ ದರದ ವಿಮಾನಕ್ಕೂ ಅವನೇ ಗುರುತಾದ. ರಸ್ತೆ ಗುಂಡಿಯಲ್ಲಿ ಎಡವುತ್ತಾ ಬಂದವನಿಗೆ ವಿಮಾನ!

ಪ್ರತಿಮೆ, ಅಂಚೆಚೀಟಿ ಎಲ್ಲ ಆದಮೇಲೂ ಲಕ್ಷ್ಮಣ್ ಪಾಲಿಗೆ ಕೆಲಸ ಅಂದ್ರೆ ದಿನಾ ಆಫೀಸಿಗೆ ಬಂದು, ಪೇಪರ್‌ಗಳನ್ನು ರಾಶಿ ಹಾಕಿಕೊಂಡು ಓದಿ, ಐಡಿಯಾ ಹೊಳೆಯೋವರೆಗೆ ಕೂರೋದು. ಸ್ಫೂರ್ತಿ ತಾನಾಗೇ ಬರುತ್ತೆ ಅಂತ ಅವರು ಕಾಯಲಿಲ್ಲ. 2003ರಲ್ಲಿ ಪಾರ್ಶ್ವವಾಯು ಹೊಡೆದು ದೇಹದ ಎಡಭಾಗ ಕೈಕೊಟ್ಟಿತು. ಬಲಗೈ ಉಳಿದಿತ್ತು, ಸ್ವಲ್ಪ ಚೇತರಿಸಿಕೊಂಡ ಮೇಲೆ ಮತ್ತೆ ಬರೆದರು. 2010ರಲ್ಲಿ ಮತ್ತೆ ಪಾರ್ಶ್ವವಾಯು ಆಗಿ ಮಾತು ಕಷ್ಟವಾಯ್ತು. 2015ರ ಜನವರಿ 26ರಂದು, ಗಣರಾಜ್ಯೋತ್ಸವದ ದಿನ, ಪುಣೆಯಲ್ಲಿ ತೀರಿಕೊಂಡರು. ಅದೇ ತಿಂಗಳ 7ರಂದು ಪ್ಯಾರಿಸ್‌ನಲ್ಲಿ 'ಶಾರ್ಲಿ ಎಬ್ಡೊ' ಪತ್ರಿಕೆಯ ಮೇಲೆ ದಾಳಿಯಾಗಿ 12 ಜನ ಸತ್ತಿದ್ದರು, ಅದರಲ್ಲಿ ವ್ಯಂಗ್ಯಚಿತ್ರಕಾರರೂ ಇದ್ದರು.

ಮೂಲ ಕಾರ್ಟೂನ್‌ಗಳನ್ನು ಹತ್ತಿರದಿಂದ ನೋಡಬೇಕು ಅನ್ನೋರಿಗೆ ಬೆಂಗಳೂರಿನ ಎಂ.ಜಿ. ರಸ್ತೆಯ ಬಳಿ ಇಂಡಿಯನ್ ಕಾರ್ಟೂನ್ ಗ್ಯಾಲರಿ ಇದೆ, ದೇಶದ ಬೇರೆ ಬೇರೆ ಕಾರ್ಟೂನಿಸ್ಟ್‌ಗಳ ಪ್ರದರ್ಶನ ನಡೀತಾ ಇರುತ್ತೆ. ಹೋದರೆ ನಗು ಬಂದ ತಕ್ಷಣ ಮುಂದಿನ ಚಿತ್ರಕ್ಕೆ ಹೋಗಬೇಡಿ. ಮಾತು ಯಾರದ್ದು, ಸುಮ್ಮನೆ ನಿಂತವರು ಯಾರು, ಗೆರೆ ಎಲ್ಲಿ ದಪ್ಪ ಆಗಿದೆ ನೋಡಿ.

ಅಂದಹಾಗೆ, ಶುರುವಲ್ಲಿ ಹೇಳಿದ ಚಂದ್ರನ ಕಾರ್ಟೂನ್‌ಗೆ ಒಂದು ಮುಂದುವರಿದ ಭಾಗ ಇದೆ. ನಮ್ಮ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿತಲ್ಲ, ಮಾತು ಕಷ್ಟವಾಗಿದ್ದ ಆ ದಿನಗಳಲ್ಲೂ ತೊಂಬತ್ತು ದಾಟಿದ ಲಕ್ಷ್ಮಣ್ ಅದರ ಮೇಲೆ ಶ್ರೀಸಾಮಾನ್ಯನ ಚಿತ್ರ ಬರೆದರು. ಅವರು ಹೋದ ಮೇಲೆ ಇಸ್ರೋ ಅದನ್ನು ತನ್ನ ಫೇಸ್‌ಬುಕ್ ಪುಟದಲ್ಲಿ ಹಾಕಿತು.